ಅವರ ಊರಿಗೆ ಕಳಿಸುವುದು

ಹೆದ್ದಾರಿಯ ಪಕ್ಕದಲ್ಲಿರುವ ಊರುಗಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ವರ್ಷಕ್ಕೆ ಒಬ್ಬರೋ ಇಬ್ಬರೋ ಎಲ್ಲಿಂದಲೋ ನಡೆದುಕೊಂಡು ಬರುತ್ತಾರೆ, ಇಲ್ಲವೇ ಯಾವುದೋ ಲಾರಿಯಿಂದ ಇಳಿಯುತ್ತಾರೆ. ಮೈಮೇಲೆ ಎರಡು ಮೂರು ಅಂಗಿ, ಜಡೆಗಟ್ಟಿದ ಕೂದಲು, ಕೈಯಲ್ಲಿ ಗಂಟು. ಅವರ ಮಾತು ನಮ್ಮದಲ್ಲ. ಕೆಲವು ದಿನ ಬಸ್ ನಿಲ್ದಾಣದ ಹತ್ತಿರ, ಕೆಲವು ದಿನ ಅರಳಿಕಟ್ಟೆಯ ಮೇಲೆ ಇರುತ್ತಾರೆ. ಆಮೇಲೆ ಒಂದು ದಿನ ಇರುವುದಿಲ್ಲ. ಎಲ್ಲಿ ಹೋದರು ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದಕ್ಕೆ ಕಾರಣವಿರುತ್ತದೆ.

ನಮ್ಮ ಸತ್ಯಮಂಗಲ ತುಮಕೂರಿನ ಅಂಚಿನಲ್ಲಿದೆ. ಹದಿನೈದು ಹದಿನಾರು ವರ್ಷದ ಹಿಂದೆ ಹಾಗೆ ಬಂದ ಒಬ್ಬ ಮನುಷ್ಯ ಎರಡು ತಿಂಗಳು ನಮ್ಮಲ್ಲಿದ್ದ. ಮೂವತ್ತೈದು ವಯಸ್ಸಿರಬಹುದು. ಹಿಂದಿಯಂತೆ ಕೇಳಿಸುವ, ಆದರೆ ನಮಗೆ ಗೊತ್ತಿರುವ ಹಿಂದಿಯಲ್ಲದ ಒಂದು ಮಾತು ಆಡುತ್ತಿದ್ದ. ಹೋಟೆಲಿನವರು ಇಡ್ಲಿ ಕೊಡುತ್ತಿದ್ದರು, ನಮ್ಮಮ್ಮ ಆಗಾಗ ಮುದ್ದೆ ಸಾರು ಕೊಟ್ಟು, 'ಯಾರ ಹೆತ್ತ ಮಗನೋ' ಅನ್ನುತ್ತಿದ್ದಳು. ಒಂದು ಸಂಜೆ ಅವನು ನಿಂತಿದ್ದ ಖಾಸಗಿ ಬಸ್ಸೊಂದಕ್ಕೆ ಕಲ್ಲು ಬೀಸಿದ. ಕಿಟಕಿಯ ಗಾಜು ಒಡೆದು, ಅಲ್ಲೇ ಕೂತಿದ್ದ ಹೂವು ಮಾರುವ ಅಕ್ಕನ ಬಲಗೈ ಕುಯ್ದುಹೋಯಿತು. ರಕ್ತ ನೋಡಿದ ಮೇಲೆ ಇಡ್ಲಿ ಕೊಡುತ್ತಿದ್ದವರೇ ಅವನನ್ನು ಕಂಬಕ್ಕೆ ಕಟ್ಟಿದರು.

ದೂರು ಕೊಡುವುದೋ ಬೇಡವೋ ಎಂದು ಚರ್ಚೆಯಾಯಿತು. ಹಿರಿಯರೊಬ್ಬರು ಹೇಳಿದರು: 'ಹುಚ್ಚನ ಮೇಲೆ ಏನು ಕೇಸು ಹಾಕ್ತೀರಪ್ಪಾ? ಪಾಪ ಬರ್ತದೆ. ಅವ್ರ ಊರಿಗೆ ಕಳಿಸ್ಬಿಡಿ.' ಎಲ್ಲರಿಗೂ ಈ ಮಾತು ಸರಿ ಅನ್ನಿಸಿತು. ನನಗೂ. ಪುಣೆಯ ಕಡೆ ಹೋಗುವ ಲಾರಿಯ ಡ್ರೈವರನ್ನು ಒಪ್ಪಿಸಿದರು. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕಿದರು. ನಾನು ನೂರು ರೂಪಾಯಿ ತೆಗೆದು ಅವನ ಅಂಗಿಯ ಜೇಬಿಗೆ ತುರುಕಿದೆ. ಲಾರಿ ಹೊರಟಾಗ ಅವನು ಹಿಂದೆ ಕೂತು ನಮ್ಮನ್ನೇ ನೋಡುತ್ತಿದ್ದ. ಕೋಪವಿರಲಿಲ್ಲ ಮುಖದಲ್ಲಿ. ಅಂದು ರಾತ್ರಿ ಒಳ್ಳೆಯ ಕೆಲಸ ಮಾಡಿದೆವು ಎಂಬ ನೆಮ್ಮದಿಯಲ್ಲಿ ನಾನು ಮಲಗಿದೆ.

ಅವನ ಊರು ಯಾವುದು ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಈಚೆಗೆ ಇದೆಲ್ಲ ಮತ್ತೆ ನೆನಪಿಗೆ ಬರಲು ಕಾರಣ, ತುಮಕೂರು ಕೋರ್ಟಿನಲ್ಲಿ ವಕೀಲಿಕೆ ಮಾಡುವ ಗೆಳೆಯನೊಬ್ಬನ ಜೊತೆ ನಡೆದ ಮಾತು. ಹೊರದೇಶದಲ್ಲಿ ಅಪರಾಧವೊಂದು ನಡೆದು, ಮಾಡಿದವನಿಗೆ ಮನೋರೋಗ ಎಂದು ಅಲ್ಲಿನ ನ್ಯಾಯಾಲಯ ಆಸ್ಪತ್ರೆಗೆ ಕಳಿಸಿದರೆ, ಅವನನ್ನು ನಮ್ಮ ದೇಶಕ್ಕೆ ತರಿಸಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಅವನು ಓದುತ್ತಿದ್ದ. ನಾನು ತಮಾಷೆಗೆ, 'ನಮ್ಮೂರಲ್ಲಿ ಲಾರಿ ಹತ್ತಿಸಿದಂಗೆ ವಿಮಾನ ಹತ್ತಿಸೋದು ತಾನೆ' ಅಂದೆ. ಅವನು ನಗಲಿಲ್ಲ. 'ಲಾರಿ ಹತ್ತಿಸೋದು ಸುಲಭ ಕಣೋ. ವಿಮಾನ ಹತ್ತಿಸೋಕೆ ಇಳಿಸಿಕೊಳ್ಳೋರು ಯಾರು ಅಂತ ಬರೆದುಕೊಡಬೇಕು' ಅಂದ. ಆ ಮಾತು ಚುಚ್ಚಿತು.

ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ನಮ್ಮ ಬೀದಿಯವನೇ ಇರಲಿ. ತುಮಕೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಅಪ್ಪ ಸೈಟಿನ ಮೇಲೆ ಸಾಲ ಎತ್ತಿ ಕೊಟ್ಟ ದುಡ್ಡಿನಲ್ಲಿ ಇಂಗ್ಲೆಂಡಿಗೆ ಎಂ.ಎಸ್ಸಿ. ಮಾಡಲು ಹೋದ. ಚಳಿ, ಒಂಟಿತನ, ರಾತ್ರಿ ಪಾಳಿಯ ಕೆಲಸ. ಎರಡನೆಯ ವರ್ಷ ಅವನಿಗೆ ದನಿಗಳು ಕೇಳಿಸತೊಡಗುತ್ತವೆ. ಜೊತೆಯಲ್ಲಿದ್ದವನೇ ತನಗೆ ವಿಷ ಹಾಕುತ್ತಿದ್ದಾನೆ ಎಂದು ನಂಬಿ ಒಂದು ರಾತ್ರಿ ಅಡುಗೆಮನೆಯ ಚಾಕು ತೆಗೆದುಕೊಳ್ಳುತ್ತಾನೆ. ನ್ಯಾಯಾಲಯ ವೈದ್ಯರ ಮಾತು ಕೇಳಿ, ಬುದ್ಧಿ ಸ್ಥಿಮಿತದಲ್ಲಿರಲಿಲ್ಲವಾದ್ದರಿಂದ ತಪ್ಪಿತಸ್ಥನಲ್ಲ ಎಂದು ಹೇಳಿ, ಭದ್ರತೆಯ ಮನೋರೋಗ ಆಸ್ಪತ್ರೆಯಲ್ಲಿ ಇಡಲು ಆದೇಶಿಸುತ್ತದೆ. ಜೈಲು ಶಿಕ್ಷೆಗೆ ಇಷ್ಟು ವರ್ಷ ಎಂಬ ಲೆಕ್ಕವಿರುತ್ತದೆ. ಈ ಆದೇಶಕ್ಕೆ ಅಂಥ ಲೆಕ್ಕವಿಲ್ಲ. ಗುಣವಾಗಿದೆ, ಅಪಾಯವಿಲ್ಲ ಎಂದು ಯಾರಾದರೂ ಒಪ್ಪುವ ತನಕ.

ಇಲ್ಲಿ ಸತ್ಯಮಂಗಲದಲ್ಲಿ ಅವನ ತಾಯಿ ಒಂದೇ ಮಾತು ಕೇಳುತ್ತಾಳೆ: 'ನನ್ ಮಗನ್ನ ಇಲ್ಲಿಗೆ ಕರ್ಕೊಂಬನ್ನಿ, ನಾನು ನೋಡ್ಕತೀನಿ.'

ನಮ್ಮಲ್ಲಿ ಇದಕ್ಕೊಂದು ಕಾನೂನಿದೆ. 2003ರ ಕೈದಿಗಳ ಸ್ವದೇಶ ವಾಪಸಾತಿ ಕಾಯ್ದೆ. 2004ರ ಜನವರಿಯಿಂದ ಜಾರಿಯಲ್ಲಿದೆ. ಬ್ರಿಟನ್, ಸೌದಿ ಅರೇಬಿಯಾ, ಯುಎಇ, ಶ್ರೀಲಂಕಾ ಮುಂತಾದ ಹಲವು ದೇಶಗಳ ಜೊತೆ ಒಪ್ಪಂದಗಳೂ ಆಗಿವೆ. ಬೇರೆ ದೇಶದಲ್ಲಿ ಶಿಕ್ಷೆಯಾದ ಭಾರತೀಯ, ಉಳಿದ ಶಿಕ್ಷೆಯನ್ನು ಇಲ್ಲಿಯ ಜೈಲಿನಲ್ಲಿ ಕಳೆಯಬಹುದು. ಮನಸ್ಸಿನ ಸ್ಥಿತಿಯಿಂದಾಗಿ ಕೈದಿ ತಾನೇ ಅರ್ಜಿ ಹಾಕಲಾಗದಿದ್ದರೆ ಅವನ ಪರವಾಗಿ ಬೇರೆಯವರು ಹಾಕಬಹುದು ಎಂದೂ ಅದರಲ್ಲಿದೆ. ಓದುವಾಗ ಸಮಾಧಾನವಾಗುತ್ತದೆ. ಆದರೆ ಅದೇ ಕಾಯ್ದೆ 'ಕೈದಿ' ಎಂದರೆ ಯಾರು ಎಂದು ಹೇಳುವ ಕಡೆ, ಕ್ರಿಮಿನಲ್ ನ್ಯಾಯಾಲಯದ ಆದೇಶದಂತೆ ಸೆರೆವಾಸದ ಶಿಕ್ಷೆ ಅನುಭವಿಸುತ್ತಿರುವವನು ಎನ್ನುತ್ತದೆ. ನಮ್ಮ ಬೀದಿಯ ಹುಡುಗನಿಗೆ ಶಿಕ್ಷೆಯೇ ಆಗಿಲ್ಲವಲ್ಲ. ತಪ್ಪಿತಸ್ಥನಲ್ಲ ಎಂದೇ ತೀರ್ಪಾಗಿದೆ. ಹಾಗಾಗಿ ಅವನು ಕೈದಿಯಲ್ಲ. ಕೈದಿಯಲ್ಲವಾದ್ದರಿಂದ ಈ ಬಾಗಿಲು ಅವನಿಗೆ ತೆರೆದಿಲ್ಲ.

ಅಂದರೆ, ಅವನು ಗೊತ್ತಿದ್ದೂ ಇರಿದಿದ್ದರೆ ಊರಿಗೆ ಬರುವ ದಾರಿಯೊಂದಿತ್ತು. ಗೊತ್ತಿಲ್ಲದೆ ಇರಿದಿದ್ದಕ್ಕೆ ಅದೂ ಇಲ್ಲ. ಇದನ್ನು ಗೆಳೆಯ ವಿವರಿಸಿದಾಗ ನಾನು ಎರಡು ಸಲ ಕೇಳಿಸಿಕೊಂಡೆ. ಯಾರೋ ಕೆಟ್ಟ ಮನಸ್ಸಿನಿಂದ ಹೀಗೆ ಬರೆದರು ಅಂತಲ್ಲ. ಬರೆಯುವಾಗ ಅವರ ಕಣ್ಣ ಮುಂದೆ ಜೈಲಿತ್ತು, ಆಸ್ಪತ್ರೆ ಇರಲಿಲ್ಲ, ಅಷ್ಟೆ. ಬ್ರಿಟನ್ನಿನ 1984ರ ಕಾಯ್ದೆ ಹಾಗಿಲ್ಲ. ಕ್ರಿಮಿನಲ್ ನ್ಯಾಯಾಲಯದ ಆದೇಶದಿಂದ ಜೈಲಿನಲ್ಲಿ, ಆಸ್ಪತ್ರೆಯಲ್ಲಿ ಅಥವಾ ಇನ್ನಾವುದೇ ಸಂಸ್ಥೆಯಲ್ಲಿ ಇರಿಸಲ್ಪಟ್ಟವರು ಎಂದು ಅದು ಹೇಳುತ್ತದೆ. ಯುರೋಪಿನ ದೇಶಗಳು 1983ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಾಡಿಕೊಂಡ ಒಪ್ಪಂದದ ಒಂಬತ್ತನೆಯ ವಿಧಿಯಲ್ಲೂ, ಮನಸ್ಥಿತಿಯ ಕಾರಣಕ್ಕೆ ಹೊಣೆಗಾರರಲ್ಲ ಎನಿಸಿಕೊಂಡವರನ್ನು ಚಿಕಿತ್ಸೆಗಾಗಿ ಬರಮಾಡಿಕೊಳ್ಳಲು ಸಿದ್ಧವಿರುವ ದೇಶ ತನ್ನ ಕ್ರಮವೇನೆಂದು ಘೋಷಿಸಬಹುದು ಎಂಬ ಮಾತಿದೆ. ಒಂದು ಪದವನ್ನು ಸೇರಿಸುವುದೋ ಬಿಡುವುದೋ ಎಂಬುದರಲ್ಲಿ ಒಬ್ಬ ತಾಯಿಯ ಅರ್ಜಿ ನಿಲ್ಲುತ್ತದೆ ಇಲ್ಲವೇ ಬೀಳುತ್ತದೆ.

ಹಾಗಾದರೆ ಆ 'ಆಸ್ಪತ್ರೆ' ಎಂಬ ಪದವನ್ನು ನಮ್ಮ ಕಾಯ್ದೆಗೂ ಸೇರಿಸಿಬಿಟ್ಟರೆ ಸಾಕೇ? ಮೊದಲು ನನಗೂ ಹಾಗೇ ಅನ್ನಿಸಿತು. ಆದರೆ ಹುಚ್ಚರನ್ನು 'ಅವರ ದೇಶಕ್ಕೆ' ಕಳಿಸುವ ಕೆಲಸಕ್ಕೆ ನಮ್ಮಲ್ಲೇ ಒಂದು ಹಳೆಯ ಚರಿತ್ರೆಯಿದೆ. ಅದು ಅಷ್ಟು ಸರಳವಾಗಿಲ್ಲ.

1851ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಭಾರತದಲ್ಲಿ ಅಪರಾಧದ ಆರೋಪಕ್ಕೆ ಸಿಕ್ಕ ಬುದ್ಧಿಭ್ರಮಣೆಯವರನ್ನು ಇಲ್ಲಿಂದ ಇಂಗ್ಲೆಂಡಿಗೆ ಸಾಗಿಸುವುದಕ್ಕೆಂದೇ ಮಾಡಿದ ಕಾಯ್ದೆ ಅದು. ಅದಕ್ಕೂ ಮುಂಚಿನಿಂದ ಈಸ್ಟ್ ಇಂಡಿಯಾ ಕಂಪನಿ ತನ್ನ ಮನೋರೋಗಿಗಳನ್ನು ಹಡಗು ಹತ್ತಿಸುತ್ತಿತ್ತು. 1818ರಿಂದ ಅವರನ್ನು ಲಂಡನ್ನಿನ ಹ್ಯಾಕ್ನಿಯ ಪೆಂಬ್ರೋಕ್ ಹೌಸ್ ಎಂಬಲ್ಲಿ ಇಡುತ್ತಿದ್ದರು. 1870ರ ನಂತರ ಈಲಿಂಗ್‌ನ ರಾಯಲ್ ಇಂಡಿಯಾ ಅಸೈಲಂನಲ್ಲಿ. ಸ್ವಂತ ಹವೆ, ಸ್ವಂತ ಜನ, ಗುಣವಾಗುತ್ತಾರೆ ಎಂಬುದು ಹೇಳುವ ಕಾರಣ. ಆದರೆ ಈ ಚರಿತ್ರೆಯನ್ನು ಆಳವಾಗಿ ಅಭ್ಯಾಸ ಮಾಡಿದ ವಾಲ್ಟ್ರೌಡ್ ಅರ್ನ್ಸ್ಟ್ ಇನ್ನೊಂದು ಕಾರಣವನ್ನು ಮುಂದಿಡುತ್ತಾರೆ. ಆಳುವ ಬಿಳಿಯರಲ್ಲಿ ಒಬ್ಬ ಬೀದಿಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಂಡು ತಿರುಗುವುದನ್ನು ಆಳಿಸಿಕೊಳ್ಳುವವರು ನೋಡಬಾರದು. ಆಳುವವರ ಮರ್ಯಾದೆಯ ಪ್ರಶ್ನೆ. ಕಳಿಸಿದ್ದು ಅವರ ಒಳಿತಿಗೋ, ಕಾಣದಂತಾಗಲಿ ಎಂದೋ? ಎರಡೂ ಇರಬಹುದು. ಎರಡೂ ಇದ್ದಾಗ ಯಾವುದು ಮುಂದೆ ನಿಂತಿತ್ತು ಎಂದು ಕಳಿಸಿದವರಿಗೂ ಗೊತ್ತಾಗುವುದಿಲ್ಲ. ಅದು ನನ್ನ ಅನುಭವ ಕೂಡ.

ಅದೇ ಕಾಲಕ್ಕೆ ಇಲ್ಲಿ, 1847ರ ಸುಮಾರಿಗೆ, ಬೆಂಗಳೂರಿನಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಹುಚ್ಚಾಸ್ಪತ್ರೆ ಶುರುಮಾಡಿದ್ದರು. ಈಗಿನ ನಿಮ್ಹಾನ್ಸ್‌ನ ಬೇರು ಅದು. ಧಾರವಾಡದಲ್ಲೂ ಹೆಚ್ಚುಕಡಿಮೆ ಆ ಕಾಲದಲ್ಲೇ ಒಂದು ಆಯಿತು. ಧಾರವಾಡದ್ದು ಇನ್ನೊಂದು ಕಾರಣಕ್ಕೆ ನನಗೆ ಕುತೂಹಲ. 1956ರ ಅಕ್ಟೋಬರ್ 31ರ ರಾತ್ರಿ ಅಲ್ಲಿ ಮಲಗಿದ ರೋಗಿಗಳು ಮುಂಬಯಿ ರಾಜ್ಯದವರು; ಬೆಳಗ್ಗೆ ಎದ್ದಾಗ ಮೈಸೂರು ರಾಜ್ಯದವರು. ಮಂಚ ಒಂದಿಂಚೂ ಅಲುಗಾಡಲಿಲ್ಲ. ಕೋರ್ಟಿನ ಆದೇಶದ ಮೇಲೆ ಅಲ್ಲಿದ್ದವರು ಇನ್ನು ಯಾವ ಸರಕಾರದ ಕಡೆ ಮುಖಮಾಡಿ ಬಿಡುಗಡೆ ಕೇಳಬೇಕಿತ್ತು ಎಂಬುದು ಮಾತ್ರ ಬದಲಾಯಿತು. ಗಡಿ ಎಂಬುದು ಮನುಷ್ಯ ದಾಟುವ ಗೆರೆ ಅಂದುಕೊಂಡಿರುತ್ತೇವೆ. ಗೆರೆಯೇ ಮನುಷ್ಯನನ್ನು ದಾಟಿಹೋಗುವುದೂ ಉಂಟು.

ಇದರ ಘೋರ ರೂಪ ನಡೆದದ್ದು ಪಂಜಾಬಿನಲ್ಲಿ. ದೇಶ ಒಡೆದ ಮೇಲೆ ಆಸ್ತಿ ಹಂಚಿದರು, ಸೈನ್ಯ ಹಂಚಿದರು, ಕೈದಿಗಳನ್ನು ಹಂಚಿಕೊಂಡರು. ಆಮೇಲೆ ಮನೋರೋಗಿಗಳ ಸರದಿ ಬಂತು. 1950ರ ಕೊನೆಗೆ ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿದ್ದ ನೂರಾರು ಹಿಂದೂ, ಸಿಖ್ ರೋಗಿಗಳನ್ನು ಅಮೃತಸರಕ್ಕೂ, ಈ ಕಡೆಯಿದ್ದ ಮುಸ್ಲಿಂ ರೋಗಿಗಳನ್ನು ಲಾಹೋರಿಗೂ ಸಾಗಿಸಲಾಯಿತು. ಸಾದತ್ ಹಸನ್ ಮಂಟೋ 'ಟೋಬಾ ಟೇಕ್ ಸಿಂಗ್' ಬರೆದದ್ದು ಇದರ ಮೇಲೆ. ಕನ್ನಡದ ಸಾಹಿತ್ಯಪ್ರಿಯರಿಗೆ ಆ ಕಥೆಯ ಪರಿಚಯ ಇದ್ದೇ ಇರುತ್ತದೆ; ಎರಡು ದೇಶಗಳ ಬೇಲಿಗಳ ನಡುವೆ ಬೀಳುವ ಮುದುಕ ಎಲ್ಲರಿಗೂ ನೆನಪಿರುತ್ತಾನೆ. ನಾವು ಮರೆಯುವ ಸಣ್ಣ ವಿವರವೊಂದಿದೆ ಆ ಕಥೆಯಲ್ಲಿ. ಅಲ್ಲಿರುವ ಹುಚ್ಚರಲ್ಲಿ ಕೆಲವರು ಹುಚ್ಚರೇ ಅಲ್ಲ, ಕೊಲೆ ಮಾಡಿದವರು. ನೇಣಿನಿಂದ ತಪ್ಪಿಸಲು ಬಂಧುಗಳು ಲಂಚ ಕೊಟ್ಟು ಒಳಗೆ ಸೇರಿಸಿದ್ದಾರೆ. ಮಂಟೋಗೆ ನ್ಯಾಯಾಲಯ ಮತ್ತು ಹುಚ್ಚಾಸ್ಪತ್ರೆಯ ನಡುವಿನ ಓಣಿ ಗೊತ್ತಿತ್ತು. ಸ್ವತಃ ಕುಡಿತದ ಚಿಕಿತ್ಸೆಗೆ ಲಾಹೋರಿನ ಅದೇ ಆಸ್ಪತ್ರೆಯಲ್ಲಿ ಇದ್ದು ಬಂದವನು ಅವನು.

ಆ ವಿನಿಮಯದಲ್ಲಿ ಊರು ಎಂಬುದನ್ನು ತೀರ್ಮಾನ ಮಾಡಿದ್ದು ಧರ್ಮ. ನಿನ್ನ ಹೆಸರು ಹೀಗಿದೆ, ಆದ್ದರಿಂದ ನಿನ್ನ ದೇಶ ಅದು. ಅವನ ಹೊಲ, ಬಾವಿ, ಮಗಳು ಎಲ್ಲಿದ್ದಾರೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಬೇಕೋ ಬೇಡವೋ ಎಂದು ರೋಗಿಯನ್ನು ಕೇಳುವ ಮಾತೇ ಇರಲಿಲ್ಲ. ಹುಚ್ಚನಿಗೆ ಬೇಕು ಬೇಡ ಏನಿರುತ್ತದೆ ಎಂದು ಎಲ್ಲರೂ ನಂಬಿದ್ದರು. ನಾವೂ ಆ ಸಂಜೆ ನಂಬಿದ್ದು ಅದನ್ನೇ.

ಅದೇ ಅಮೃತಸರದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದ ಡಾ. ವಿದ್ಯಾಸಾಗರ್, ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೇ ಕರೆತಂದು ಜೊತೆಯಲ್ಲಿ ಇರಿಸಿಕೊಂಡರು. ಮನೆಯವರು ಅಡುಗೆ ಮಾಡಿ ಉಣಿಸುತ್ತ, ವೈದ್ಯರ ಮಾತು ಕೇಳುತ್ತ, ಕಾಯಿಲೆ ಎಂದರೇನೆಂದು ಕಲಿಯುತ್ತ ಇದ್ದರು. ಮುಂದೆ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ಕುಟುಂಬ ವಾರ್ಡುಗಳು ಬಂದವು. ಅಲ್ಲಿಗೆ ಯಾರನ್ನಾದರೂ ಕರೆದುಕೊಂಡು ಹೋದ ತುಮಕೂರು ಕಡೆಯವರಿಗೆ ಹೊರಗಿನ ಮರದ ಕೆಳಗೆ ಚಾಪೆ ಹಾಸಿ ಕೂರುವ ಬಂಧುಗಳ ಗುಂಪು ಪರಿಚಿತ ದೃಶ್ಯ. ದೇಶಗಳು ರೋಗಿಯನ್ನು ಮನೆಗೆ ಸಾಗಿಸುವ ಬಗ್ಗೆ ಪತ್ರ ಬರೆದುಕೊಳ್ಳುತ್ತಿದ್ದಾಗ ಒಬ್ಬ ವೈದ್ಯರು ಮನೆಯನ್ನೇ ರೋಗಿಯ ಹತ್ತಿರಕ್ಕೆ ತಂದರು.

ಈ ಕಾರಣಕ್ಕೇ ಆ ತಾಯಿಯ ಮಾತನ್ನು ನಾನು ತಳ್ಳಿಹಾಕಲಾರೆ. ಮೈಯ ಕಾಯಿಲೆಗೆ ಯಾವ ದೇಶದ ಗುಳಿಗೆಯೂ ಆದೀತು. ಮನಸ್ಸಿನದಕ್ಕೆ ಮಾತು ಬೇಕು. ನಮ್ಮ ಹುಡುಗನಿಗೆ ಕೇಳಿಸುವ ದನಿ ಕನ್ನಡದಲ್ಲಿ ಬೈಯುತ್ತಿದ್ದರೆ, ಅದರ ಬೈಗುಳ ಸತ್ತ ಅಜ್ಜನದೋ ಹೈಸ್ಕೂಲಿನ ಪಿ.ಟಿ. ಮೇಷ್ಟ್ರದೋ ಎಂಬ ವ್ಯತ್ಯಾಸ ದುಭಾಷಿಯ ಮೂಲಕ ಹೇಗೆ ದಾಟೀತು? 'ಮನಸ್ಸಿಗೆ ಹಚ್ಕೊಂಡಿದೀನಿ' ಎನ್ನುವುದನ್ನು, 'ಏನೋ ಸೋಕಿದೆ' ಎನ್ನುವುದನ್ನು ಬರೆದುಕೊಳ್ಳುವ ವೈದ್ಯರು ಏನೆಂದು ಬರೆದುಕೊಳ್ಳುತ್ತಾರೆ? ನಮ್ಮ ಜಾತ್ರೆಯಲ್ಲಿ ಮೈಮೇಲೆ ದೇವರು ಬಂದವರ ಕಾಲಿಗೆ ಬೀಳುತ್ತೇವೆ. ಅದನ್ನು ಚಿಕ್ಕಂದಿನಿಂದ ನೋಡಿದೇನೆ ಎಂದು ಅವನು ಹೇಳಿದರೆ ಅದೂ ಲಕ್ಷಣದ ಪಟ್ಟಿಗೆ ಸೇರಬಹುದು. ಅಲ್ಲಿನ ವೈದ್ಯರು ಕೆಟ್ಟವರೆಂದಲ್ಲ. ಬಹುಶಃ ಇಲ್ಲಿಗಿಂತ ಹೆಚ್ಚು ಹೊತ್ತು ಅವನ ಎದುರು ಕೂರುತ್ತಾರೆ. ಆದರೂ 'ನಿನಗೆ ಗುಣವಾಗಿದೆ' ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದರೆ ಇಬ್ಬರ ನಡುವೆ ಒಂದು ಭಾಷೆ ಬೇಕು. ಬಿಡುಗಡೆ ಆ ಒಂದು ಮಾತಿನ ಮೇಲೆ ನಿಂತಿದೆ.

ಇನ್ನೊಂದು ಕಡೆಯಿಂದ ನೋಡೋಣ. ಇಂಗ್ಲೆಂಡಿನ 1983ರ ಮಾನಸಿಕ ಆರೋಗ್ಯ ಕಾಯ್ದೆಯ 86ನೇ ಕಲಮು, ಅಲ್ಲಿ ನೆಲೆಸುವ ಹಕ್ಕಿಲ್ಲದ ಹೊರದೇಶದ ರೋಗಿಯನ್ನು ಅವನ ದೇಶಕ್ಕೆ ಸಾಗಿಸುವ ಅಧಿಕಾರವನ್ನು ಸರಕಾರಕ್ಕೆ ಕೊಡುತ್ತದೆ. ಮೂರು ಷರತ್ತು: ಸಾಗಿಸುವ ವ್ಯವಸ್ಥೆ ಆಗಿರಬೇಕು, ಅಲ್ಲಿ ಚಿಕಿತ್ಸೆಯ ವ್ಯವಸ್ಥೆ ಆಗಿರಬೇಕು, ಅದು ರೋಗಿಯ ಹಿತಕ್ಕೆ ಇರಬೇಕು. ನ್ಯಾಯಮಂಡಳಿಯ ಒಪ್ಪಿಗೆಯೂ ಬೇಕು. ಆದರೆ ರೋಗಿಯ ಒಪ್ಪಿಗೆ ಕಡ್ಡಾಯವಾದ ಷರತ್ತಲ್ಲ. ನಾನು ಓದುತ್ತ 'ರೋಗಿಯ ಹಿತ' ಎಂಬಲ್ಲಿ ನಿಂತೆ. ಹಿತ ಎಂಬ ಮಾತು ನಮ್ಮ ಮನೆಗಳಲ್ಲಿ ಹೇಗೆ ಬಳಕೆಯಾಗುತ್ತದೆಂದು ನಮಗೆ ಗೊತ್ತು.

ಮದುವೆಯಾಗಿ ಬಂದ ಹೆಣ್ಣಿಗೆ ಬುದ್ಧಿ ಸ್ಥಿಮಿತ ತಪ್ಪಿದರೆ ಏನು ಮಾಡುತ್ತೇವೆ? 'ತವರಿಗೆ ಕಳಿಸಿ, ಅವರಮ್ಮನ ಹತ್ರ ಇದ್ರೆ ಸರಿಹೋಗ್ತಾಳೆ.' ಮಾತು ಸುಳ್ಳಲ್ಲ. ಅಮ್ಮನ ಹತ್ತಿರ ಇದ್ದರೆ ನಿಜವಾಗಿ ಸರಿಹೋಗುವ ಹೆಣ್ಣುಮಕ್ಕಳು ಇದ್ದಾರೆ. ಆದರೆ ಆ ಮಾತು ಹೇಳಿದ ಮೇಲೆ ಕರೆಯಲು ಹೋಗುವವರು ಎಷ್ಟು ಜನ? ತವರಿನಲ್ಲಿ ಅಪ್ಪ ಇಲ್ಲ, ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ ಎಂದು ಗೊತ್ತಿದ್ದೂ ಬಸ್ಸು ಹತ್ತಿಸುವವರಿದ್ದಾರೆ. ತವರು ಎಂಬ ಪದದ ಮಾಧುರ್ಯವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದೇ ಪದ ಇರದಿದ್ದರೆ ಹೊರಗೆ ಹಾಕಿದೆವು ಎನ್ನಬೇಕಾಗುತ್ತಿತ್ತು. 'ಸ್ವದೇಶ' ಎಂಬ ಪದಕ್ಕೂ ಈ ಗುಣವಿದೆ. ಗಡೀಪಾರು ಎಂದರೆ ಶಿಕ್ಷೆ, ಅದಕ್ಕೆ ಆದೇಶ ಬೇಕು, ಕಾರಣ ಬರೆಯಬೇಕು, ಮೇಲ್ಮನವಿ ಇರುತ್ತದೆ. ಸ್ವದೇಶಕ್ಕೆ ಕಳಿಸುವುದಾದರೆ ಕಣ್ಣೊರೆಸಿಕೊಂಡು ಕೈ ಬೀಸಿದರೆ ಸಾಕು.

ಕಳಿಸಿದ ಮೇಲೆ ಇಲ್ಲಿ ಏನು ಕಾದಿದೆ? ನಮ್ಮ ಹೊಸ ದಂಡಸಂಹಿತೆಯ 22ನೇ ಕಲಮು, ಹಳೆಯದರ 84. ಬುದ್ಧಿ ಸ್ಥಿಮಿತವಿಲ್ಲದವನು ತಾನೇನು ಮಾಡುತ್ತಿದ್ದೇನೆಂದು ತಿಳಿಯದೆ ಮಾಡಿದ್ದು ಅಪರಾಧವಲ್ಲ ಎನ್ನುತ್ತದೆ. ಹಾಗೆ ಬಿಡುಗಡೆಯಾದವನನ್ನು ಸುರಕ್ಷಿತ ವಶದಲ್ಲಿ ಇಡಬೇಕು, ಇಲ್ಲವೇ ನೋಡಿಕೊಳ್ಳುತ್ತೇವೆಂದು ಭದ್ರತೆ ಬರೆದುಕೊಡುವ ಬಂಧುವಿಗೋ ಸ್ನೇಹಿತನಿಗೋ ಒಪ್ಪಿಸಬೇಕು ಎಂದು ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಬಂಧುವೇ ಬರದಿದ್ದರೆ? ಅಸ್ಸಾಮಿನ ಒಬ್ಬ ಬುಡಕಟ್ಟಿನ ಮನುಷ್ಯನನ್ನು 1951ರಲ್ಲಿ ಹಿಡಿದು, ತೇಜಪುರದ ಮಾನಸಿಕ ಆಸ್ಪತ್ರೆಗೆ ಹಾಕಿದರು. 1967ರಲ್ಲಿ ಗುಣವಾಗಿದೆ ಎಂದು ವೈದ್ಯರು ಬರೆದರು. ಮನೆಗೆ ಹೋಗಲಿಲ್ಲ, ಜೈಲಿಗೆ ಹೋದ. ಹೊರಬಂದದ್ದು 2005ರಲ್ಲಿ, 54 ವರ್ಷದ ನಂತರ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ. ವಿಚಾರಣೆಯೇ ನಡೆದಿರಲಿಲ್ಲ. ಅವನು ಯಾವ ದೇಶದ ಗಡಿಯನ್ನೂ ದಾಟಿದವನಲ್ಲ.

ಗಡಿ ದಾಟಿದವರ ಕಥೆ ಇನ್ನೂ ಬಿಗಿಯಾದ ಗಂಟು. ಭಾರತದ ಜೈಲುಗಳಲ್ಲಿ ಶಿಕ್ಷೆ ಮುಗಿಸಿದ ಪಾಕಿಸ್ತಾನದವರು ಎನ್ನಲಾದ ಕೆಲವು ಕೈದಿಗಳ ವಿಷಯ ಭೀಮ್ ಸಿಂಗ್ ಎಂಬ ವಕೀಲರ ಅರ್ಜಿಯ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಅವರಲ್ಲಿ ಮನೋರೋಗಿಗಳೂ ಮೂಕರೂ ಇದ್ದರು. ತನ್ನ ಊರು, ಅಪ್ಪನ ಹೆಸರು ಹೇಳಲಾರದವನನ್ನು ತನ್ನ ಪ್ರಜೆ ಎಂದು ಯಾವ ದೇಶ ಒಪ್ಪೀತು? ಎರಡು ದೇಶಗಳೂ ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ರಂದು, ಪರಸ್ಪರರ ಕೈದಿಗಳ ಪಟ್ಟಿ ಕೊಟ್ಟುಕೊಳ್ಳುತ್ತವೆ. ಪಟ್ಟಿಯಲ್ಲಿ ಬರಲು ಹೆಸರು ಬೇಕು. ನಮ್ಮ ಗಾದೆ ಇದನ್ನು ಎಂದೋ ಹೇಳಿಬಿಟ್ಟಿದೆ: ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಗುಣವಾದರೆ ಊರು ಹೇಳಿಯಾನು. ಊರು ಸೇರಿದರೆ ಗುಣವಾದಾನು. ನಗುತ್ತಾ ಹೇಳುವ ಗಾದೆ ಇದು. ಜೈಲಿನ ಒಳಗೆ ಕೂತವನಿಗೆ ಬೇರೆ ಥರ ಕೇಳಿಸುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಗೆಳೆಯನಿಗೆ ನಾನು ನಮ್ಮೂರಿನ ಲಾರಿಯ ಕಥೆ ಹೇಳಿದೆ. ನೂರು ರೂಪಾಯಿಯದನ್ನೂ ಮುಚ್ಚಿಡಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವನ ಮೇಲೆ ಕೇಸು ಹಾಕಿದ್ರೇ ಚೆನ್ನಾಗಿತ್ತು' ಅಂದ. ಕೇಸು ಹಾಕಿದ್ದರೆ ಅವನಿಗೆ ಒಂದು ನಂಬರು ಸಿಗುತ್ತಿತ್ತು. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಸರಕಾರಿ ವಕೀಲರು, ವೈದ್ಯರ ಪರೀಕ್ಷೆ, ಎಪ್ಪತ್ತು ಕಿಲೋಮೀಟರ್ ದೂರದ ನಿಮ್ಹಾನ್ಸ್. ಅವನ ಮಾತು ಯಾವ ಸೀಮೆಯದೆಂದು ಗುರುತಿಸುವವರು ಅಲ್ಲಿ ಯಾರಾದರೂ ಇರುತ್ತಿದ್ದರೇನೋ. ನೀವು ಕರುಣೆ ತೋರಿಸಿದಿರಿ, ಕಾಗದದಲ್ಲಿ ಅವನು ಇಲ್ಲದಂತಾದ ಎಂಬುದು ಅವನ ವಾದ. 'ಅಸ್ಸಾಮಿನವನಿಗೂ ನಂಬರಿತ್ತಲ್ಲ, 54 ವರ್ಷ' ಎಂದು ನಾನು ಅಂದೆ. 'ಇತ್ತು. ಅದಕ್ಕೇ 54 ವರ್ಷ ಆದ್ಮೇಲಾದ್ರೂ ಹುಡುಕೋಕೆ ಆಯ್ತು' ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಒಪ್ಪಲು ಮನಸ್ಸಿಲ್ಲ. ಆದರೆ ಲೆಕ್ಕದಲ್ಲಿ ಸಿಕ್ಕಿಕೊಂಡವನಿಗಿಂತ ಲೆಕ್ಕದಿಂದ ಜಾರಿದವನ ಗತಿ ಮೇಲು ಎಂದು ಹೇಳುವ ಧೈರ್ಯ ಹೋಗಿದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಈಗ ಅನುಮಾನವಿಲ್ಲ. ಮನುಷ್ಯನನ್ನು ದೇಶಕ್ಕೆ ಕಳಿಸಲು ಬರುವುದಿಲ್ಲ. ಒಬ್ಬರ ಹತ್ತಿರ ಕಳಿಸಬಹುದು. ಇಂಥ ಬೀದಿ, ಇಂಥ ಮನೆ, ಇಂಥವರು ಬಾಗಿಲು ತೆಗೆಯುತ್ತಾರೆ, ಇಂಥ ಆಸ್ಪತ್ರೆಯ ಇಂಥ ವೈದ್ಯರು ಗುಳಿಗೆ ಮುಂದುವರಿಸುತ್ತಾರೆ, ಇಂಥ ದಿನ ಮತ್ತೆ ವಿಚಾರಿಸುತ್ತೇವೆ ಎಂದಿದ್ದರೆ ಅದು ಕಳಿಸುವುದು. ನಮ್ಮ ಬೀದಿಯ ಹುಡುಗನ ತಾಯಿ ಹೆಸರಿರುವ ತಾಯಿ. ಆದ್ದರಿಂದ ಅವಳ ಅರ್ಜಿ ನಿಲ್ಲಬೇಕು, ಕಾಯ್ದೆಯಲ್ಲಿ ಆ ಒಂದು ಪದ ಸೇರಬೇಕು. ಆದರೆ ಮೊದಲು ಹುಡುಗನನ್ನು ಕೇಳಬೇಕು. ದಿನಕ್ಕೆ ಹತ್ತು ನಿಮಿಷ ಮಾತ್ರ ತಿಳಿಯಾಗಿರುವವನಾದರೂ ಆ ಹತ್ತು ನಿಮಿಷಕ್ಕೆ ಕಾದು ಕೇಳಬೇಕು. ಅವನು ಒಲ್ಲೆ ಎಂದರೂ ಎನ್ನಬಹುದು. ಊರಲ್ಲಿ ಎಲ್ಲರಿಗೂ ಗೊತ್ತಾಗಿದೆ, ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಅವನಿಗೆ ಅನ್ನಿಸಿದರೆ ಅದು ಹುಚ್ಚಿನ ಮಾತಲ್ಲ.

ಕೇಳಬೇಕಾದವರು ಇನ್ನೂ ಒಬ್ಬರಿದ್ದಾರೆ. ನಮ್ಮ ಕಥೆಯಲ್ಲಿ ಹೂವಿನ ಅಕ್ಕ. ದೂರು ಕೊಡುವ ಚರ್ಚೆ ನಡೆದಾಗ ಆಕೆ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದಳು. ಯಾರೂ ಆಕೆಯನ್ನು ಕೇಳಲಿಲ್ಲ. ನಾಲ್ಕು ದಿನದ ನಂತರ ಗೊತ್ತಾದಾಗ ಆಕೆ ನಮ್ಮ ಮೇಲೆ ರೇಗಿದಳು. ಅವನಿಗೆ ಶಿಕ್ಷೆಯಾಗಲಿಲ್ಲ ಎಂದಲ್ಲ. 'ಅವ್ನಿಗೆ ಬುದ್ಧಿ ಸರಿಹೋದ್ಮೇಲೆ ಒಂದ್ಸಲ ಬಂದು ನನ್ ಕೈ ನೋಡ್ಬೇಕಾಗಿತ್ತು' ಅಂದಳು. ಅವಳ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಮಾರು ಹೂವು ಕಟ್ಟಲು ಮೊದಲಿಗಿಂತ ಎರಡರಷ್ಟು ಹೊತ್ತು. ಆಕೆ ಕೇಳಿದ್ದು ಕಾನೂನಿನಲ್ಲೂ ಇಲ್ಲ, ವೈದ್ಯರ ಚೀಟಿಯಲ್ಲೂ ಇಲ್ಲ. ಗುಣವಾದ ಮನುಷ್ಯ ತಾನು ಗುಣವಿಲ್ಲದಿದ್ದಾಗ ಮಾಡಿದ್ದರ ಮುಂದೆ ನಿಲ್ಲಬೇಕು. ತಪ್ಪಿತಸ್ಥನಾಗಿ ಅಲ್ಲ, ಗೊತ್ತಾಗಲಿ ಎಂದು. ದೂರ ಕಳಿಸಿದಾಗ ನಾವು ಅವನಿಗೂ ಆಕೆಗೂ ಅದನ್ನು ಇಲ್ಲವಾಗಿಸಿದೆವು.

ಅವನು ನಮ್ಮಲ್ಲಿದ್ದ ಎರಡು ತಿಂಗಳು ಪದೇಪದೇ ಆಡುತ್ತಿದ್ದ ಒಂದು ಮಾತು ನನಗೆ ನೆನಪಿದೆ: 'ಬಡಾ ತಾಲಾಬ್'. ದೊಡ್ಡ ಕೆರೆ. ನೀರು ಬೇಕೇನೋ ಎಂದು ಹೋಟೆಲಿನ ಹುಡುಗ ಲೋಟ ತಂದುಕೊಡುತ್ತಿದ್ದ. ಮೊನ್ನೆ ಕುತೂಹಲಕ್ಕೆ ನಕಾಶೆ ನೋಡಿದೆ. ಭೋಪಾಲದಲ್ಲಿ ಬಡಾ ತಾಲಾಬ್ ಇದೆ, ರಾಂಚಿಯಲ್ಲಿದೆ. ಹೆಸರು ನಕಾಶೆಗೆ ಬಾರದ ಎಷ್ಟು ಹಳ್ಳಿಗಳಲ್ಲಿ ಇದೆಯೋ. ನಮ್ಮ ಕಡೆ ಊರಿಗೊಂದು ದೊಡ್ಡಕೆರೆ ಇರುವ ಹಾಗೆ. ರಾಂಚಿಯಾಗಿದ್ದರೆ ನಾವು ಅವನನ್ನು ತಿರುಗಾಮುರುಗಾ ದಿಕ್ಕಿಗೆ ಲಾರಿ ಹತ್ತಿಸಿದ್ದೆವು.

ಹೂವಿನ ಅಕ್ಕ ಈಗಲೂ ಸಂಜೆ ಅದೇ ಜಾಗದಲ್ಲಿ ಕೂರುತ್ತಾಳೆ. ಹಬ್ಬದ ಹಿಂದಿನ ದಿನ ಸೇವಂತಿಗೆ ತೆಗೆದುಕೊಳ್ಳಲು ಹೋದಾಗ ಯಾಕೋ ಆ ಮಾತು ಬಂತು. ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುತ್ತಾ, 'ಅವ್ನು ಊರು ಸೇರಿದ್ನಂತಾ?' ಎಂದು ಕೇಳಿದಳು.

'ಸೇರಿರ್ತಾನೆ ಕಣಕ್ಕಾ' ಅಂದೆ.